ಮರೆವು ಯಾರ ತಪ್ಪು?

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯನ್ನು ನಮಗೆ ಯಾವ ಶಾಲೆಯಲ್ಲೂ ಕಲಿಸಲಿಲ್ಲ. ಮನೆಯ ಹಿರಿಯರು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವಾಗ ತಾನಾಗಿ ನಾಲಿಗೆಗೆ ಬರುವ ಮಾತು ಅದು. ಧಾರವಾಡದ ಬೇಂದ್ರೆಯವರು ಅರವತ್ತು ತುಂಬಿದ ಹೊತ್ತಿಗೆ ತಮ್ಮ ಕವನಗಳ ಸಂಪುಟಕ್ಕೆ 'ಅರಳು ಮರಳು' ಎಂದೇ ಹೆಸರಿಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅರವತ್ತರ ಮೇಲೆಯೂ ಮನಸ್ಸು ಮರಳಿ ಅರಳಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಏಕೆ ಬೇಕು? ಈ ಗಾದೆಯಲ್ಲಿ ಹಿರಿಯರನ್ನು ಮಗುವಿನಂತೆ ಕಂಡು ಕ್ಷಮಿಸುವ ಅಕ್ಕರೆಯಿದೆ. ಆದರೆ ಅದರ ಜೊತೆಗೇ ಒಂದು ಸೋಮಾರಿತನವೂ ಇದೆ. 'ವಯಸ್ಸಾಯಿತು, ಇನ್ನೇನು' ಎಂದು ಹೇಳಿ ಕದ ಹಾಕಿಬಿಡುತ್ತೇವೆ. ಕದದ ಆಚೆ ಒಂದು ಜೀವ ಏನನ್ನು ಅನುಭವಿಸುತ್ತಿದೆ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ.

ಮರೆವುಗಳಲ್ಲೂ ಎರಡು ಬಗೆ. ಒಲೆಯ ಮೇಲೆ ಹಾಲಿಟ್ಟು ಮರೆಯುವುದು ನಮಗೆಲ್ಲರಿಗೂ ಆಗುತ್ತದೆ. ಉಕ್ಕಿದ ವಾಸನೆ ಬಂದೊಡನೆ 'ಅಯ್ಯೋ' ಎಂದು ಓಡುತ್ತೇವೆ. ಹಾಗೆ ಓಡುವವರೆಗೂ ಹೆದರಬೇಕಾಗಿಲ್ಲ. ಆದರೆ ಹಾಲಿಟ್ಟವಳು ತಾನೇ ಎಂಬುದು ಹೇಳಿದರೂ ನೆನಪಿಗೆ ಬಾರದೆ, 'ಯಾರಿಟ್ಟರು?' ಎಂದು ಮನೆಮಂದಿಯನ್ನೆಲ್ಲ ಬೈಯತೊಡಗಿದರೆ. ಐವತ್ತು ವರ್ಷ ಹೋಳಿಗೆಯ ಹದ ತಪ್ಪದ ಕೈ ಮೊದಲು ಕಣಕವೋ ಹೂರಣವೋ ಎಂದು ತಿಳಿಯದೆ ನಿಂತರೆ. ಇಂಥವು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತ ಹೋದರೆ, ಆಗ ಅದು ಬೇರೆ. ನೆನಪು, ಮಾತು, ದಾರಿಯ ಗುರುತು, ತೀರ್ಮಾನದ ಶಕ್ತಿ ಇವೆಲ್ಲ ದಿನದ ಬದುಕಿಗೆ ಅಡ್ಡಿಯಾಗುವಷ್ಟು ಕುಂದುವ ಸ್ಥಿತಿಗೆ ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ಅಲ್ಜೈಮರ್ ಕಾಯಿಲೆ ಅದಕ್ಕೆ ಅತಿ ಸಾಮಾನ್ಯ ಕಾರಣ. ಮೆದುಳಿನ ರಕ್ತನಾಳಗಳು ಕೆಡುವುದು ಇನ್ನೊಂದು. 2023ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ತೊಂದರೆಯಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದು ಹೆಚ್ಚು. ಈ ಲೆಕ್ಕವನ್ನು ತಿರುಗಿಸಿ ನೋಡಿದರೆ ಅರವತ್ತು ದಾಟಿದ ನೂರು ಜನರಲ್ಲಿ ತೊಂಬತ್ತೆರಡು ಮಂದಿಗೆ ಇದು ಇಲ್ಲ ಎಂದಾಯಿತು. ಗಾದೆ ಹೇಳುವಂತೆ ಇದು ವಯಸ್ಸಿನ ಸಹಜ ಗುಣವಲ್ಲ, ಕಾಯಿಲೆ.

ಆದರೆ ಈ ಕಾಯಿಲೆಗೊಂದು ಕೆಟ್ಟ ಸ್ವಭಾವವಿದೆ. ಜ್ವರ ಜ್ವರವಾಗಿಯೇ ಬರುತ್ತದೆ, ಇದು ಮಾತ್ರ ಮನುಷ್ಯರ ಗುಣದೋಷದ ವೇಷ ಹಾಕಿಕೊಂಡು ಬರುತ್ತದೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ ತನ್ನ ಸಹವೈದ್ಯರ ಸಭೆಯಲ್ಲಿ ಒಬ್ಬ ಹೆಣ್ಣುಮಗಳ ಕಥೆ ಹೇಳಿದ. ಆಕೆಯ ಹೆಸರು ಆಗುಸ್ಟೆ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದಾಗ ಆಕೆಗೆ ಐವತ್ತೊಂದೇ ವರ್ಷ. ಮನೆಯವರಿಗೆ ಮೊದಲು ಕಂಡದ್ದು ಮರೆವಲ್ಲ, ಗಂಡನ ಮೇಲಿನ ಸಂಶಯ. ಆ ಗಂಡ ಎಷ್ಟು ದಿನ ತನ್ನ ಹೆಂಡತಿಯ ಬುದ್ಧಿ ಕೆಟ್ಟಿತೆಂದು ನೊಂದಿದ್ದನೋ, ಆಕೆ ಎಷ್ಟು ರಾತ್ರಿ ಅತ್ತಿದ್ದಳೋ!

ನಮ್ಮ ಕಡೆಯ ಒಂದು ಮನೆಯ ಸಂಗತಿ ಹೇಳುತ್ತೇನೆ. ಊರು, ಹೆಸರು ಬೇಡ. ಅತ್ತೆ ಗಟ್ಟಿ ಹೆಂಗಸು. ಬ್ಯಾಡಗಿ ಮೆಣಸಿನಕಾಯಿಯ ಕಾಲದಲ್ಲಿ ಕೂಲಿಯ ಹೆಣ್ಣುಮಕ್ಕಳನ್ನು ಕೂರಿಸಿ ತೊಟ್ಟು ಬಿಡಿಸುತ್ತ, ಯಾರಿಗೆ ಎಷ್ಟು ಕೊಡಬೇಕೆಂದು ಬಾಯಲ್ಲೇ ಲೆಕ್ಕ ಹೇಳುತ್ತಿದ್ದವರು. ಒಂದು ವರ್ಷ ಆ ಲೆಕ್ಕ ತಪ್ಪತೊಡಗಿತು. ಕೊಟ್ಟವರಿಗೇ ಮತ್ತೆ ಕೊಟ್ಟರು, ಕೊಡದವರಿಗೆ ಕೊಟ್ಟೆ ಎಂದರು. ಆಮೇಲೆ ಒಂದು ದಿನ ಅವರ ಬೋರಮಾಳ ಸರ ಕಾಣೆಯಾಯಿತು. "ಇಕಿನ ತಗದಿಟ್ಟಾಳ, ತವರಮನಿಗೆ ಸಾಗಿಸ್ಯಾಳ" ಎಂದು ಸೊಸೆಯ ಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿದರು. ಸರ ಎರಡು ದಿನದ ಮೇಲೆ ಜೋಳದ ಡಬ್ಬಿಯಲ್ಲಿ ಸಿಕ್ಕಿತು. ಸಿಕ್ಕರೇನು, "ಅಂಜಿ ತಂದಿಟ್ಟಾಳ" ಎಂದರು! ಓಣಿ ಎರಡು ಪಕ್ಷವಾಯಿತು. ಸೊಸೆ ಕಳ್ಳಿ ಎಂದವರು ಕೆಲವರು, ಅತ್ತೆ ಘಾತಕಿ ಎಂದವರು ಕೆಲವರು. ಕಾಯಿಲೆ ಎಂದವರು ಒಬ್ಬರೂ ಇಲ್ಲ.

ಆ ಸೊಸೆ ನನ್ನ ಹಳೆಯ ವಿದ್ಯಾರ್ಥಿನಿ. "ಅಕ್ಕೋರ, ನಾ ಯಾರ ಮುಂದ ಹೇಳ್ಲಿ? ಅತ್ತಿ ತಲಿ ಕೆಟ್ಟೈತಿ ಅಂತ ಸೊಸಿ ಹೇಳಿದ್ರ ಊರು ನಂಬತೈತೇನ್ರಿ?" ಎಂದಳು.

ಆ ಪ್ರಶ್ನೆಯ ಮೇಲೆ ನಾನು ಬಹಳ ಯೋಚಿಸಿದ್ದೇನೆ. ನಮ್ಮ ಮನೆಗಳಲ್ಲಿ ಇದನ್ನು ಮೊದಲು ಕಾಣುವವಳು ಸೊಸೆ. ಅಡಿಗೆಮನೆಯಲ್ಲಿ ಅತ್ತೆಯ ಪಕ್ಕದಲ್ಲಿ ಇಡೀ ದಿನ ಇರುವವಳು ಅವಳೇ. ಆದರೆ ಕಂಡದ್ದನ್ನು ಹೇಳುವ ಅಧಿಕಾರ ಅವಳಿಗಿಲ್ಲ. ಹೇಳಿದರೆ ಅದು ದೂರಾಗುತ್ತದೆ, ಚಾಡಿಯಾಗುತ್ತದೆ. ಮಗನಿಗೆ ಹೇಳುವ ಅಧಿಕಾರವಿದೆ, ನೋಡುವ ಪುರುಸೊತ್ತಿಲ್ಲ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಎರಡು ದಿನಕ್ಕೆ ಬರುವ ಮಗಳ ಎದುರಿಗೆ ತಾಯಿ ಹಳೆಯ ಕಥೆಗಳನ್ನೆಲ್ಲ ಚೆನ್ನಾಗಿ ಹೇಳುತ್ತಾಳೆ. ಹಳೆಯ ನೆನಪು ಕೊನೆಗೆ ಹೋಗುವುದು, ಹೊಸದು ಮೊದಲು ಹೋಗುವುದು ಈ ಕಾಯಿಲೆಯ ರೀತಿ. ಮಗಳು "ಅವ್ವ ಗಟ್ಟಿ ಅದಾಳ, ನೀವ ಸರಿ ನೋಡ್ಕೊಳ್ಳಂಗಿಲ್ಲ" ಎಂದು ಅಣ್ಣನ ಹೆಂಡತಿಗೆ ಬೈದು ಬಸ್ಸು ಹತ್ತುತ್ತಾಳೆ. ಡಾಕ್ಟರರ ಮುಂದೆ ಐದು ನಿಮಿಷ ಕೂತರೆ ಮುದುಕಿ ನಗುತ್ತ "ಆರಾಮ ಅದೀನ್ರಿ" ಎನ್ನುತ್ತಾಳೆ. ಇಷ್ಟು ಜನರ ನಡುವೆ ನಿಜ ಅನಾಥವಾಗಿಬಿಡುತ್ತದೆ.

ಆ ಮನೆಯಲ್ಲಿ ಅದನ್ನು ಎತ್ತಿಕೊಂಡವರು ಉಪಕೇಂದ್ರದ ನರ್ಸ್. ಮಾವನವರ ಬಿ.ಪಿ. ನೋಡಲು ಬಂದಿದ್ದರು. ಕೂತ ಹೊತ್ತಿನಲ್ಲಿ ಅಜ್ಜಿ ಮೂರು ಸಲ "ನಿಂದು ಯಾವೂರು ತಂಗಿ?" ಎಂದು ಕೇಳಿದರು. ಮೂರು ಸಲವೂ ನರ್ಸ್ ನಗುತ್ತಲೇ ಉತ್ತರ ಕೊಟ್ಟರು. ಮುಂದಿನ ವಾರ ಅಜ್ಜಿಯ ಬಿ.ಪಿ. ನೋಡುವ ನೆವದಿಂದ ಮತ್ತೆ ಬಂದು ಪಕ್ಕದಲ್ಲಿ ಕೂತರು. ಸೊಸೆ ಹೇಳಿದ್ದನ್ನು ಬೇರೆಯಾಗಿ ಕೇಳಿಸಿಕೊಂಡರು, ಅಜ್ಜಿ ಹೇಳಿದ್ದನ್ನು ಬೇರೆಯಾಗಿ ಕೇಳಿಸಿಕೊಂಡರು. ಕೈ ಹಿಡಿದುಕೊಂಡು, "ಅಜ್ಜಿ, ಇತ್ತಿತ್ತಲಾಗ ಮರವು ಆಗತೈತೇನು?" ಎಂದು ನೇರವಾಗಿ ಕೇಳಿದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ತಿಳಿತೈತಿ ತಂಗಿ. ತಲಿಯೊಳಗ ಮಂಜ ಕವದಂಗ ಆಗತೈತಿ. ಯಾರ ಮುಂದ ಹೇಳ್ಲಿ?" ಎಂದರಂತೆ.

ಒಂದೇ ಮನೆ, ಇಬ್ಬರು ಹೆಂಗಸರು, ಇಬ್ಬರ ಬಾಯಲ್ಲೂ ಅದೇ ಮಾತು: ಯಾರ ಮುಂದ ಹೇಳ್ಲಿ? ಒಬ್ಬರ ಮುಂದೆ ಒಬ್ಬರು ಹೇಳಿಕೊಳ್ಳಲಾಗದ್ದನ್ನು ಇಬ್ಬರೂ ಮೂರನೆಯವಳ ಮುಂದೆ ಹೇಳಿದರು. ಹಾವೇರಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ, ಮುಂದಿನ ತಪಾಸಣೆಯಾಗಿ, ಇದು ಡಿಮೆನ್ಷಿಯಾದ ಆರಂಭ ಎಂದು ಗೊತ್ತಾಯಿತು. ಕಾಯಿಲೆ ಹೋಗಲಿಲ್ಲ. ಆದರೆ ಸೊಸೆಯ ಮೇಲಿನ ಕಳಂಕ ಹೋಯಿತು, ಅತ್ತೆಯ ಮೇಲಿನ ಕಳಂಕವೂ ಹೋಯಿತು. ಅಷ್ಟರಲ್ಲಿ ಇನ್ನೂ ತಿಳಿವಳಿಕೆ ಇದ್ದ ಅಜ್ಜಿ ತಮ್ಮ ಬಂಗಾರ ಯಾರಿಗೆ ಏನು, ಪೆನ್ಷನ್ ಪುಸ್ತಕ ಯಾರ ಕೈಯಲ್ಲಿರಬೇಕು ಎಂದು ತಾವೇ ಹೇಳಿದರು. ಪುಸ್ತಕವನ್ನು ಸೊಸೆಯ ಕೈಗೇ ಕೊಟ್ಟರು.

ನರ್ಸುಗಳು ಈ ಕೆಲಸಕ್ಕೆ ತಕ್ಕವರು ಎಂದು ನಾನು ಹೇಳುವುದು ಇಂಥ ಕಾರಣಕ್ಕೆ. ಅವರು ಅತ್ತೆಯ ಪಕ್ಷವಲ್ಲ, ಸೊಸೆಯ ಪಕ್ಷವಲ್ಲ. ಹೊಸಿಲು ದಾಟಿ ಒಳಗೆ ಬರುತ್ತಾರೆ, ಅಡಿಗೆಮನೆಯವರೆಗೆ ಬರುತ್ತಾರೆ. ತಿಂಗಳು ತಿಂಗಳು ಬರುವುದರಿಂದ ಹೋದ ಸಲಕ್ಕೂ ಈ ಸಲಕ್ಕೂ ಇರುವ ವ್ಯತ್ಯಾಸ ಅವರ ಕಣ್ಣಿಗೆ ಬೀಳುತ್ತದೆ. ನಮ್ಮ ರಾಜ್ಯದಲ್ಲಿ ಉಪಕೇಂದ್ರದ ಕಿರಿಯ ಆರೋಗ್ಯ ಸಹಾಯಕಿಯರಿಗೆ ಈಗ 'ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ' ಎಂಬ ದೊಡ್ಡ ಹೆಸರಿದೆ. 2018ರ ಆಯುಷ್ಮಾನ್ ಭಾರತ ಯೋಜನೆಯ ನಂತರ ನರ್ಸಿಂಗ್ ಓದಿದವರು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಹಳ್ಳಿಗಳಿಗೆ ಬಂದಿದ್ದಾರೆ. ಮೂವತ್ತು ದಾಟಿದವರ ಬಿ.ಪಿ., ಸಕ್ಕರೆ ಕಾಯಿಲೆ ಇವನ್ನೆಲ್ಲ ಇವರೂ ಆಶಾ ಕಾರ್ಯಕರ್ತೆಯರೂ ಸೇರಿ ನೋಡುತ್ತಾರೆ. ಆಶಾ ತುಂಬುವ ಪಟ್ಟಿಯಲ್ಲಿ ಅರವತ್ತು ದಾಟಿದವರಿಗೆಂದು ಒಂದು ಪ್ರಶ್ನೆಯೂ ಇದೆ: ಹತ್ತಿರದವರ ಹೆಸರನ್ನೋ ಮನೆಯ ವಿಳಾಸವನ್ನೋ ಮರೆಯುತ್ತೀರಾ?

ಪ್ರಶ್ನೆ ಇರುವುದು ಒಳ್ಳೆಯದೇ. ಆದರೆ ಹತ್ತಿರದವರ ಹೆಸರು ಮರೆಯುವ ಹೊತ್ತಿಗೆ ಕಾಯಿಲೆ ಬಹಳ ದೂರ ನಡೆದಿರುತ್ತದೆ. 2016ರಲ್ಲಿ ಬಂದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತ್ ನಾಗ್ ಅವರ ಮರೆವಿನ ತಂದೆಯನ್ನು ನೋಡಿ ಕಣ್ಣೊರೆಸಿಕೊಳ್ಳದವರು ಕಡಿಮೆ. ಅಲ್ಲಿ ತಂದೆ ಕಳೆದುಹೋದ ಮೇಲೆ ಮಗ ಅವರನ್ನು ಹುಡುಕುತ್ತಾನೆ. ನಮ್ಮ ಎಷ್ಟೋ ಮನೆಗಳಲ್ಲೂ ಕಾಯಿಲೆಗೆ ಹೆಸರು ಸಿಗುವುದು ಹಿರಿಯರು ಬಸ್‌ಸ್ಟ್ಯಾಂಡಿನಲ್ಲಿ ತಪ್ಪಿಸಿಕೊಂಡ ಮೇಲೆಯೇ.

ನಾನು ಶಿಕ್ಷಕಿ. ತಪ್ಪು ಪ್ರಶ್ನೆ ಕೇಳಿದರೆ ಜಾಣ ಹುಡುಗಿಯೂ ದಡ್ಡಿಯಾಗಿ ಕಾಣುತ್ತಾಳೆಂದು ನನಗೆ ಚೆನ್ನಾಗಿ ಗೊತ್ತು. ಶಾಲೆಯ ಮುಖ ನೋಡದ ಅಜ್ಜಿಗೆ 'ಇವತ್ತು ಎಷ್ಟನೇ ತಾರೀಖು? ನೂರರಿಂದ ಏಳೇಳು ಕಳೆಯುತ್ತ ಹೋಗು' ಎಂದರೆ ಆಕೆ ಯಾವ ಕಾಲದಲ್ಲೂ ಉತ್ತೀರ್ಣಳಾಗುತ್ತಿರಲಿಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಸಂಶೋಧಕರು ಇದೇ ತೊಡಕನ್ನು ಕಂಡು, ಓದು ಬಾರದ ಹಿರಿಯರಿಗೆ ಹೊಂದುವಂತೆ ಪ್ರಶ್ನೆಗಳನ್ನೇ ಬದಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈಗ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಕಾಗದದ ಮೇಲಿನ ಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಅದರ ಜೊತೆಗೆ ಊರಿನ ಬದುಕು ಗೊತ್ತಿರುವವಳೊಬ್ಬಳು ಬೇಕು. ತಾರೀಖು ಕೇಳುವ ಬದಲು 'ಎಳ್ಳಮಾವಾಸ್ಯೆ ಆಯಿತೇ? ಮುಂದೆ ಯಾವ ಹಬ್ಬ?' ಎಂದು ಕೇಳುವುದು, 'ಸಂಘದ ಕಂತು ಕಟ್ಟಿದಿರಾ? ರೊಟ್ಟಿಗೆ ಹಿಟ್ಟು ಎಷ್ಟು ತೆಗೆದಿರಿ?' ಎಂದು ವಿಚಾರಿಸುವುದು ಅವಳಿಗೆ ತಾನಾಗಿ ಹೊಳೆಯುತ್ತದೆ.

ಇದು ಬರೀ ನನ್ನ ಆಸೆಯ ಮಾತಲ್ಲ. ಕೇರಳದ ತೃಶ್ಶೂರು ಜಿಲ್ಲೆಯ ಒಂದು ಪಂಚಾಯಿತಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ ಕೆಲವೇ ಗಂಟೆಗಳ ತರಬೇತಿ ಕೊಟ್ಟು, ಡಿಮೆನ್ಷಿಯಾ ಇರಬಹುದಾದವರನ್ನು ಗುರುತಿಸಲು ಹೇಳಲಾಯಿತು. 2002ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ ಅವರು ಗುರುತಿಸಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ಆ ಕಾಯಿಲೆ ಇದ್ದದ್ದು ವೈದ್ಯರ ತಪಾಸಣೆಯಲ್ಲಿ ಖಚಿತವಾಯಿತು. ಅಷ್ಟು ದೂರ ಏಕೆ, 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಕಲಿಸಿತು. ಆ ಅನುಭವವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಲ್ಲಿ ಅದೇ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯನ್ನು ಆರಂಭಿಸಿದವು. ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರದ ಆಸ್ಪತ್ರೆಗಳಲ್ಲಿ ಮೊದಲು ಮಿದುಳು ಆರೋಗ್ಯ ಚಿಕಿತ್ಸಾಲಯಗಳು ತೆರೆದವು, ಆಮೇಲೆ ಯೋಜನೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯುಗಳ ಜೊತೆಗೆ ಡಿಮೆನ್ಷಿಯಾವೂ ಅದರಲ್ಲಿ ಸೇರಿದೆ. ಹೀಗೆ ಜಿಲ್ಲಾಸ್ಪತ್ರೆಯ ಬಾಗಿಲು ತೆರೆದಿದೆ. ಅಜ್ಜಿಯನ್ನು ಆ ಬಾಗಿಲವರೆಗೆ ತರುವವರು ಬೇಕು. ಧಾರವಾಡದ ಮಾನಸಿಕ ಆಸ್ಪತ್ರೆ ಎಂದರೆ ನಮ್ಮ ಕಡೆ ಇನ್ನೂ 'ಹುಚ್ಚರ ಆಸ್ಪತ್ರೆ' ಎಂಬ ಅಂಜಿಕೆಯಿದೆ. ಆ ಅಂಜಿಕೆಯನ್ನು ಮನೆಯ ಒಳಗೇ ಬಿಡಿಸುವ ಶಕ್ತಿ ಪರಿಚಯದ ನರ್ಸಿನ ಮಾತಿಗಿದೆ.

ಇಲ್ಲೊಂದು ಆಕ್ಷೇಪ ಬರುತ್ತದೆ. ಅದು ಹಗುರವಾದದ್ದಲ್ಲ. "ಗುಣವಾಗದ ಕಾಯಿಲೆಯನ್ನು ಬೇಗ ಹೇಳಿ ಏನು ಪ್ರಯೋಜನ? ತಿಳಿಯದೆ ಇದ್ದರೆ ಇನ್ನೆರಡು ವರ್ಷ ನೆಮ್ಮದಿಯಾಗಿ ಇರುತ್ತಿದ್ದಳಲ್ಲ" ಎನ್ನುತ್ತಾರೆ. ಇದಕ್ಕೆ ನನ್ನ ಮೊದಲ ಉತ್ತರ, ಮರೆವೆಲ್ಲ ಗುಣವಾಗದ್ದಲ್ಲ ಎಂಬುದು. ಥೈರಾಯ್ಡ್ ಕುಂದಿದರೆ, ಬಿ12 ಜೀವಸತ್ವ ಕಡಿಮೆಯಾದರೆ, ಗಂಡ ಸತ್ತ ದುಃಖ ಖಿನ್ನತೆಯಾಗಿ ಕವಿದರೆ, ಕಿವಿ ಮಂದವಾದರೆ, ಕೆಲವು ನಿದ್ದೆಗುಳಿಗೆಗಳಿಂದ, ಬಚ್ಚಲಲ್ಲಿ ಜಾರಿ ತಲೆಗಾದ ಪೆಟ್ಟಿನಿಂದ ಕೂಡ ಡಿಮೆನ್ಷಿಯಾದಂಥ ಮಂಕು ಬರಬಹುದು. ಇವಕ್ಕೆ ಚಿಕಿತ್ಸೆಯಿದೆ. ಮಾಂಸ ಮೊಟ್ಟೆ ತಿನ್ನದ ನಮ್ಮ ಎಷ್ಟೋ ಮನೆಗಳಲ್ಲಿ ಬಿ12 ಕೊರತೆ ಅಪರೂಪವಲ್ಲ. ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುವುದನ್ನು ಅರಳು ಮರಳೆಂದು ವರ್ಷಗಟ್ಟಲೆ ಮೂಲೆಗೆ ಕೂರಿಸುವುದು ಯಾವ ನೆಮ್ಮದಿ?

ಎರಡನೆಯ ಉತ್ತರ ಇನ್ನೂ ಮುಖ್ಯ. ನಿಜವಾಗಿ ಡಿಮೆನ್ಷಿಯಾ ಆಗಿದ್ದರೂ ಆರಂಭದಲ್ಲಿ ತಿಳಿದರೆ ಅವಳ ಬದುಕಿನ ಮಾತನ್ನು ಅವಳೇ ಹೇಳಬಹುದು. ತಡವಾದರೆ ಅವಳ ಪರವಾಗಿ ಉಳಿದವರೆಲ್ಲ ಹೇಳುತ್ತಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಮುಂದೆ ತನಗೆ ಯಾವ ಬಗೆಯ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮೊದಲೇ ಬರೆದಿಡುವ ಹಕ್ಕನ್ನು ಕೊಟ್ಟಿದೆ. ಮುಂದೇನಾಗುತ್ತದೆಂದು ತಿಳಿದವಳು ತಾನೇ ಅದನ್ನು ಬರೆದಿಡಬಲ್ಲಳು? ಹುಟ್ಟಿನಿಂದ ತಂದೆಯ ಮಾತು, ಆಮೇಲೆ ಗಂಡನ ಮಾತು, ಆಮೇಲೆ ಮಗನ ಮಾತು ಕೇಳಿ ಬದುಕಿದ ನಮ್ಮ ಹಿರಿಯ ಹೆಂಗಸರಿಗೆ ತಮ್ಮದೇ ಒಂದು ಮಾತು ಹೇಳಲು ಕೊನೆಯ ಅವಕಾಶ ಈ ಒಂದೆರಡು ವರ್ಷ. ನೆಮ್ಮದಿಯ ಹೆಸರಿನಲ್ಲಿ ಅದನ್ನೂ ಕಿತ್ತುಕೊಳ್ಳಬಹುದೇ?

ಆದ್ದರಿಂದ ನರ್ಸಿಗೆ ಅನುಮಾನ ಬಂದರೆ ಅದನ್ನು ಮೊದಲು ಹೇಳಬೇಕಾದದ್ದು ಮಗನಿಗಲ್ಲ, ಸೊಸೆಗಲ್ಲ, ಆ ಅಜ್ಜಿಗೇ ಎಂದು ನಾನು ನಂಬುತ್ತೇನೆ. ಭಯಪಡಿಸದೆ, ಅವಳಿಗೆ ಬೇಕಾದಷ್ಟನ್ನೇ, ಅವಳು ಕೇಳಲು ಸಿದ್ಧಳಾದಾಗ ಹೇಳಬೇಕು. ನನಗೆ ಬೇಡ, ಮಗನಿಗೆ ಹೇಳು ಎಂದು ಅವಳು ಅಂದರೆ ಅದೂ ಅವಳದೇ ತೀರ್ಮಾನ. ಅವಳನ್ನು ಕೂರಿಸಿಕೊಂಡು ಅವಳ ತಲೆಯ ಮೇಲಿಂದ ಉಳಿದವರು ಮಾತಾಡುವುದು ಮಾತ್ರ ಸಲ್ಲದು. ಈ ಮಾತು ಮನೆಯಿಂದಾಚೆ ಹೋಗದಂತೆ ನೋಡಿಕೊಳ್ಳುವುದೂ ಧರ್ಮವೇ. 'ಬುದ್ಧಿ ನೆಟ್ಟಗಿಲ್ಲ' ಎಂಬ ಸುದ್ದಿ ಕಟ್ಟೆಗೆ ಬಿದ್ದರೆ ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ಮಾರನೆಯ ದಿನವೇ ಬಂದಾರು.

ಅವಸರವೂ ಸಲ್ಲದು. ಕಾಗಿನೆಲೆಯ ನಮ್ಮ ಕನಕದಾಸರ 'ರಾಮಧಾನ್ಯ ಚರಿತ್ರೆ' ನೆನಪಾಗುತ್ತದೆ. ಭತ್ತ ಹೆಚ್ಚೋ ರಾಗಿ ಹೆಚ್ಚೋ ಎಂದು ತುಂಬಿದ ಸಭೆ ವಾದಿಸಿದಾಗ ರಾಮ ಅಲ್ಲೇ ತೀರ್ಪು ಹೇಳಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಆಮೇಲೆ ತೆಗೆಸಿ ನೋಡಿದ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ರೋಗ ವರ್ಗೀಕರಣವೂ ಡಿಮೆನ್ಷಿಯಾ ಎಂದು ಖಚಿತವಾಗಿ ಹೇಳಲು ಕುಂದು ಕನಿಷ್ಠ ಆರು ತಿಂಗಳಿಂದ ಇರಬೇಕೆಂದು ಹೇಳಿತ್ತು. ಒಂದು ದಿನದ ತಪ್ಪನ್ನು ಹಿಡಿದು ಯಾರಿಗೂ ಹಣೆಪಟ್ಟಿ ಕಟ್ಟುವಂತಿಲ್ಲ. ನರ್ಸಿನ ಕೆಲಸ ಕಾಣುವುದು, ಕೇಳುವುದು, ಬರೆದಿಡುವುದು, ವೈದ್ಯರ ಬಳಿಗೆ ಕಳಿಸುವುದು, ಮತ್ತೆ ಮನೆಗೆ ಬಂದು ವಿಚಾರಿಸುವುದು. ರೋಗದ ಕೊನೆಯ ನಿರ್ಣಯ ವೈದ್ಯರದು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಹೆಣ್ಣಿನ ಮಾತನ್ನೂ ಹೇಳಬೇಕು. ಆಕೆ ನರ್ಸ್. ಲಸಿಕೆ, ಬಸುರಿ ಬಾಣಂತಿಯರು, ಬಿ.ಪಿ., ಸಕ್ಕರೆ, ಕ್ಷಯ, ಮೇಲೆ ಮೊಬೈಲಿನಲ್ಲಿ ತುಂಬುವ ಲೆಕ್ಕಗಳು. ಇಷ್ಟರ ಮೇಲೆ 'ಇದನ್ನೂ ನೋಡಮ್ಮ' ಎನ್ನುವುದು ಸುಲಭ. ಚುನಾವಣೆ, ಜನಗಣತಿಯ ಕೆಲಸಗಳನ್ನು ಹೆಗಲಿಗೇರಿಸಿಕೊಂಡ ನಮ್ಮಂಥ ಶಿಕ್ಷಕಿಯರಿಗೆ ಆ ಮಾತಿನ ಭಾರ ಗೊತ್ತು. ಅತ್ತೆ ಸೊಸೆಯರ ಕಣ್ಣೀರು ಒರೆಸಲು ಮೂರನೆಯ ಹೆಂಗಸಿನ ನಿದ್ದೆ ಕೆಡಿಸಿದರೆ ಅದು ನ್ಯಾಯವಾಗುವುದಿಲ್ಲ. ತರಬೇತಿ ಬೇಕು, ಒಂದು ಮನೆಯಲ್ಲಿ ಅರ್ಧ ಗಂಟೆ ಕೂರುವ ಪುರುಸೊತ್ತು ಬೇಕು, ಕಳಿಸಿದ ಕಡೆ ಅವಳ ಚೀಟಿಗೆ ಬೆಲೆ ಬೇಕು, ಹೆಚ್ಚಿದ ಕೆಲಸಕ್ಕೆ ಹೆಚ್ಚಿನ ಸಂಬಳ ಬೇಕು. 'ಸೇವೆ' ಎಂಬ ದೊಡ್ಡ ಹೆಸರು ಹೇಳಿ ಹೆಂಗಸರಿಂದ ಬಿಟ್ಟಿ ದುಡಿಸುವ ರೂಢಿ ಮನೆಯಲ್ಲಿ ಇರುವಷ್ಟೇ ಸಾಕಲ್ಲವೇ?

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ. ನಮ್ಮ ಕೈಯಲ್ಲಿರುವುದೂ ಕೆಲವಿವೆ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಮಂಡಳಿ, ತಡೆಯಬಹುದಾದ 14 ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನಲ್ಲಿ ಡಿಮೆನ್ಷಿಯಾದ ಸುಮಾರು ಅರ್ಧಕ್ಕೆ ಹತ್ತಿರದಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿದೆ. ಬಿ.ಪಿ., ಸಕ್ಕರೆ ಕಾಯಿಲೆ, ಕಿವುಡು, ಒಂಟಿತನ ಅದರಲ್ಲಿವೆ. ಬಾಲ್ಯದಲ್ಲಿ ಓದು ಸಿಗದಿರುವುದೂ ಅದರಲ್ಲಿದೆ! ಹೆಣ್ಣುಮಕ್ಕಳನ್ನು ಶಾಲೆಯಿಂದ ಬಿಡಿಸಬೇಡಿ ಎಂದು ಮನೆಮನೆಗೆ ತಿರುಗಿದ ನಮಗೆ ಈ ಮಾತು ಓದಿ ಬಲ ಬಂದಂತಾಯಿತು. ಸಂದೇಹ ಬಂದಾಗ ಯಾರನ್ನು ಕೇಳಬೇಕೆಂದು ತಿಳಿಯದವರಿಗೆ 2022ರಿಂದ 'ಟೆಲಿ ಮಾನಸ್' ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಇನ್ನು ಮುಂದೆ ನರ್ಸ್ ನಿಮ್ಮ ಮನೆಗೆ ಬಂದಾಗ ಬಾಗಿಲಲ್ಲೇ ಗುಳಿಗೆ ಇಸಿದುಕೊಂಡು ಕಳಿಸಬೇಡಿ. ಒಳಗೆ ಕರೆದು ಕೂರಿಸಿ, ಒಂದು ಲೋಟ ನೀರು ಕೊಡಿ. ಮನೆಯ ಹಿರಿಯ ಜೀವದ ಪಕ್ಕದಲ್ಲಿ ಸ್ವಲ್ಪ ಹೊತ್ತು ಇಬ್ಬರನ್ನೇ ಬಿಟ್ಟು ನೀವು ಹಿತ್ತಿಲಿಗೆ ಹೋಗಿ ಬನ್ನಿ. ಆಮೇಲೆ ನಿಮ್ಮ ಮನಸ್ಸಿನಲ್ಲಿರುವುದನ್ನೂ ಹೇಳಿಕೊಳ್ಳಿ. ಯಾರ ಮುಂದೆ ಹೇಳಲಿ ಎಂದು ಬಾಯಿ ಕಟ್ಟಿಕೊಂಡ ಹೆಂಗಸರು ನಮ್ಮ ಒಂದೊಂದು ಓಣಿಯಲ್ಲೂ ಇದ್ದಾರೆ, ಒಂದೇ ಮನೆಯಲ್ಲಿ ಇಬ್ಬಿಬ್ಬರಿದ್ದಾರೆ.